ಕರಾರು ಕನ್ನಡದಲ್ಲಿರಲಿ

ಬೆಂಗಳೂರಿನ ರಾಜಾಜಿನಗರ ಕೈಗಾರಿಕಾ ಪ್ರದೇಶದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಶುರುವಾದ ಸಂಸ್ಥೆ. ಅಂದು ಹೊರದೇಶದ ವಿದ್ಯೆ ಇಲ್ಲಿಗೇ ಬಂತು. ಇಂದು ನಮ್ಮ ಮಕ್ಕಳೇ ಅದನ್ನು ಅರಸಿ ಜಪಾನಿಗೆ ಹೊರಡಬಹುದು. ಮೈಕ್ರೋಮೀಟರ್ ಹಿಡಿದು ಅಚ್ಚಿನ ಅಳತೆಯನ್ನು ಕೂದಲೆಳೆಗಿಂತ ಸೂಕ್ಷ್ಮವಾಗಿ ತಾಳೆ ನೋಡುವ ಕೈಗಳಿಗೆ ಜಪಾನಿನ ಕಾರ್ಖಾನೆಯ ಅನುಭವ ದೊಡ್ಡ ಬಂಡವಾಳವೇ ಸರಿ. ತಾಂತ್ರಿಕ ಇಂಟರ್ನ್ ತರಬೇತಿ ಯೋಜನೆಗೆ ಭಾರತ ಮತ್ತು ಜಪಾನ್ 2017ರಲ್ಲೇ ಒಪ್ಪಂದ ಮಾಡಿಕೊಂಡಿವೆ. ಆದರೆ ಆ ಯೋಜನೆಯಲ್ಲಿ ಮಾಲೀಕ ಕಿರುಕುಳ ಕೊಟ್ಟರೂ ಕೆಲಸ ಬದಲಿಸುವುದು ಕಷ್ಟವಾಗಿತ್ತು. ಅದರ ಜಾಗಕ್ಕೆ ಹೊಸ ವ್ಯವಸ್ಥೆ ತರಲು ಜಪಾನ್ ಸಂಸತ್ತೇ 2024ರಲ್ಲಿ ಕಾನೂನು ಮಾಡಿತು. ವಿಜಯನಗರ, ಕೆಂಗೇರಿಯ ಹೆತ್ತವರು ಸಾಲ ಮಾಡಿ ಏಜೆಂಟರ ಕೈಗೆ ದುಡ್ಡು ಸುರಿಯುವ ಮುನ್ನ ಸರ್ಕಾರ ಮುಂದೆ ಬರಬೇಕು. ಸಂಬಳ, ಅವಧಿ, ವಸತಿಯ ಕರಾರನ್ನು ಕನ್ನಡದಲ್ಲಿ ಕೊಡಿಸಲಿ. ಜಪಾನಿ ಭಾಷೆಯ ತರಗತಿಯನ್ನು ಜಿಟಿಟಿಸಿಯಲ್ಲೇ ನಡೆಸಲಿ.