ಹಿಮದ ಊರಿನಲ್ಲಿ ಹಿತ್ತಲಿನ ಲೆಕ್ಕ

ಟೊರೊಂಟೊ ಆಸುಪಾಸಿನಲ್ಲಿ ಮೊದಲ ಮನೆ ಕೊಳ್ಳಲು ಹೊರಟ ಕನ್ನಡದ ಗಂಡಹೆಂಡಿರ ನಡುವೆ ಒಂದು ವಾದ ಬಂದೇ ಬರುತ್ತದೆ. ಅಂಗಳವಿಲ್ಲದ ಟೌನ್‌ಹೌಸ್ ಆದರೂ ಸರಿ, ರೈಲು ನಿಲ್ದಾಣಕ್ಕೆ ಹತ್ತಿರವಿರಲಿ ಎಂಬುದು ಒಬ್ಬರ ಪಟ್ಟು. ಅದೇ ಸಾಲದಲ್ಲಿ ಇನ್ನಷ್ಟು ದೂರ ಹೋದರೆ ಹಿತ್ತಲಿರುವ ಮನೆಯೇ ಸಿಗುತ್ತದಲ್ಲ, ಇಲ್ಲಿ ಮಕ್ಕಳು ಎಲ್ಲಿ ಆಡಬೇಕು ಎಂಬುದು ಇನ್ನೊಬ್ಬರದು. ಕೊನೆಗೆ ಯಾರಾದರೂ ಆ ಮಾತು ಎತ್ತುತ್ತಾರೆ: ವರ್ಷದಲ್ಲಿ ನಾಲ್ಕು ತಿಂಗಳು ಹಿಮ ಹೊದ್ದು ಮಲಗುವ ಜಾಗಕ್ಕೆ ಇಪ್ಪತ್ತೈದು ವರ್ಷ ಕಂತು ಕಟ್ಟಬೇಕೇ?

ಮಾತು ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಹಿತ್ತಲನ್ನು ಹಾಳುಬೀಳಿಸುವುದು ಚಳಿಯೇ ಎಂದು ತೀರ್ಮಾನಿಸುವ ಮೊದಲು ಚಳಿಯೇ ಇಲ್ಲದ ಊರೊಂದನ್ನು ನೋಡುವುದು ಒಳ್ಳೆಯದು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದ 2005ರ ನಡುವೆ ಅಲ್ಲಿನ 32 ಮಧ್ಯಮವರ್ಗದ ಕುಟುಂಬಗಳ ಮನೆಗೇ ಹೋಗಿ, ಯಾರು ಯಾವ ಹೊತ್ತಿನಲ್ಲಿ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಬರೆದುಕೊಂಡರು. 2012ರಲ್ಲಿ ಅದು ಪುಸ್ತಕವಾಗಿಯೂ ಬಂತು. ವರ್ಷವಿಡೀ ಬಿಸಿಲಿರುವ ಊರು. ಹಿತ್ತಲಿನಲ್ಲಿ ಆಟದ ಸಾಮಾನು, ಊಟದ ಮೇಜು, ಕೆಲವರಲ್ಲಿ ಈಜುಕೊಳವೂ ಉಂಟು. ಆದರೂ ಹೆಚ್ಚಿನ ತಂದೆತಾಯಂದಿರು ಬಿಡುವಿನ ಹೊತ್ತು ಕಳೆಯಲು ಅತ್ತ ಕಾಲಿಟ್ಟದ್ದೇ ಕಾಣಲಿಲ್ಲ. ಮಕ್ಕಳೂ ಅಲ್ಲಿದ್ದದ್ದು ಕಡಿಮೆಯೇ. ಹಿತ್ತಲಿಗೆ ದುಡ್ಡು ಹೊಂದಿಸಿದ್ದವರಿಗೆ ಅಲ್ಲಿ ಕೂರಲು ಪುರುಸೊತ್ತು ಹೊಂದಿಸಲಾಗಲಿಲ್ಲ.

ಹಾಗಾದರೆ ಲೆಕ್ಕ ಶುರುವಾಗಬೇಕಾದ್ದು ಥರ್ಮಾಮೀಟರಿನಿಂದಲ್ಲ, ಗಡಿಯಾರದಿಂದ. ಡಿಸೆಂಬರ್ ಕೊನೆಯ ವಾರಗಳಲ್ಲಿ ಟೊರೊಂಟೊದಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 7:50ರ ಸುಮಾರಿಗೆ, ಮುಳುಗುವುದು ಸಂಜೆ 4:45ರ ಆಸುಪಾಸಿಗೆ. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಆರಕ್ಕೆ ಮರಳುವ ದಂಪತಿ ತಮ್ಮ ಹಿತ್ತಲನ್ನು ಬೆಳಕಿನಲ್ಲಿ ನೋಡುವುದು ಶನಿವಾರ, ಭಾನುವಾರ ಮಾತ್ರ. ಹಿತ್ತಲಿಗಾಗಿ ಊರಾಚೆ ಹೋದಷ್ಟೂ ಓಡಾಟದ ಸಮಯ ಹೆಚ್ಚುತ್ತದೆ. ಹೆಚ್ಚಿದಷ್ಟೂ ಆ ಹಿತ್ತಲಿಗೇ ಸಮಯ ಉಳಿಯುವುದಿಲ್ಲ. ದೂರದ ದೊಡ್ಡ ಅಂಗಳದ ವಿರುದ್ಧ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇಕಿಲ್ಲ.

ಬೆಳಕಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ದಳ್ಳಾಳಿಗಳು ಇದನ್ನು ತಾವಾಗಿ ಹೇಳುವುದು ಅಪರೂಪ. ಡಿಸೆಂಬರ್ 21ರ ನಡುಹಗಲಿನಲ್ಲಿ ಟೊರೊಂಟೊದ ಸೂರ್ಯ ದಿಗಂತದಿಂದ ಮೇಲೇರುವುದು ಸುಮಾರು 23 ಡಿಗ್ರಿ ಮಾತ್ರ. ಎಂಟು ಮೀಟರ್ ಎತ್ತರದ ಎರಡಂತಸ್ತಿನ ಮನೆಯ ನೆರಳು ಆಗ ಹತ್ತೊಂಬತ್ತು ಮೀಟರ್ ಉದ್ದ ಚಾಚುತ್ತದೆ. ಇನ್ನೂ ಉತ್ತರದ ವಿನಿಪೆಗ್‌ನಲ್ಲಿ ಅದೇ ನೆರಳು ಇಪ್ಪತ್ತೇಳು ಮೀಟರ್ ಸಮೀಪ. ಮನೆಯ ಉತ್ತರಕ್ಕೆ ಹಿತ್ತಲಿದ್ದರೆ, ಈಗಿನ ಬಡಾವಣೆಗಳ ಚಿಕ್ಕ ನಿವೇಶನದಲ್ಲಿ ಅದು ನಡುಚಳಿಗಾಲವಿಡೀ ನೆರಳಿನಲ್ಲೇ ಬಿದ್ದಿರುತ್ತದೆ. ಪಕ್ಕದ ಬೀದಿಯಲ್ಲಿ ಹಿಮ ಕರಗಿ ಹುಲ್ಲು ಕಂಡರೂ ಇಲ್ಲಿ ಗಡ್ಡೆ ಕಟ್ಟಿದ್ದು ಹಾಗೇ ಇರುತ್ತದೆ. ಊರಿನಿಂದ ಬಂದ ಅಜ್ಜಿಯರು ಮೊಮ್ಮಗುವನ್ನು ಎಳೆಬಿಸಿಲಿಗೆ ಒಡ್ಡಿರೆಂದು ಒತ್ತಾಯಿಸುವುದುಂಟು. ಅದಕ್ಕೂ ಅಲ್ಲಿ ಅರ್ಥವಿಲ್ಲ. ಬಾಸ್ಟನ್‌ನಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ, ಎಡ್ಮಂಟನ್‌ನಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬಿಸಿಲಿನಿಂದ ಚರ್ಮ ವಿಟಮಿನ್ ಡಿ ತಯಾರಿಸಲಾರದು ಎಂದು 1988ರ ಸಂಶೋಧನೆಯೊಂದು ತೋರಿಸಿಕೊಟ್ಟಿತ್ತು. ಅದಕ್ಕೆ ವೈದ್ಯರು ಹೇಳುವ ಹನಿ ಬೇಕು, ಹಿತ್ತಲಲ್ಲ.

ಇಷ್ಟಕ್ಕೇ ಹಿತ್ತಲಿನ ಪರ ವಾದ ಬಿದ್ದುಹೋಯಿತು ಎಂದುಕೊಂಡರೆ ತಪ್ಪು. ಮೂರು ವರ್ಷದ ಮಗುವನ್ನು ಜನವರಿಯಲ್ಲಿ ಹೊರಗೆ ಕರೆದೊಯ್ದವರನ್ನು ಕೇಳಬೇಕು. ಒಳಉಡುಪಿನ ಮೇಲೆ ಉಣ್ಣೆ, ಅದರ ಮೇಲೆ ಸ್ನೋಪ್ಯಾಂಟ್, ದಪ್ಪ ಜಾಕೆಟ್, ಬೂಟು, ಟೋಪಿ, ಕೈಗವಸು. ಒಂದು ಕೈಗವಸು ಸಿಕ್ಕಿದರೆ ಇನ್ನೊಂದು ಸಿಗದು. ಎಲ್ಲ ಮುಗಿದು ಬಾಗಿಲು ತೆರೆಯುವ ಹೊತ್ತಿಗೆ ಮಗು ‘ಸುಸ್ಸು’ ಎನ್ನುತ್ತದೆ. ಹೀಗೆ ಕಾಲು ಗಂಟೆ ಸಿಂಗರಿಸಿಕೊಂಡು ಹೊರಟ ಮಗು ಹೊರಗೆ ಆಡುವುದು ಇಪ್ಪತ್ತು ನಿಮಿಷ. ಇದರ ನಡುವೆ ಪಾರ್ಕಿಗೆ ಕಾರು ತೆಗೆಯುವುದು, ಅದರ ಗಾಜಿನ ಮಂಜುಗಡ್ಡೆ ಕೆರೆಯುವುದು, ಅಲ್ಲಿ ಬೆಂಚಿನ ಮೇಲೆ ದೊಡ್ಡವರು ಮರಗಟ್ಟಿ ಕೂರುವುದು ಸೇರಿದರೆ ಎಷ್ಟು ದಿನ ನಡೆದೀತು? ಬೇಸಿಗೆಯಲ್ಲಿ ಪಾರ್ಕು ಹಿತ್ತಲಿಗೆ ಬದಲಿಯಾಗುತ್ತದೆ, ಚಳಿಗಾಲದಲ್ಲಿ ಆಗುವುದಿಲ್ಲ. ಜಾಗದ ಬೆಲೆ ಹಿಮ ಬಿದ್ದಾಗ ಇಳಿಯುತ್ತದೆ ಎಂಬ ಊಹೆ ಇಲ್ಲಿ ತಲೆಕೆಳಗಾಗುತ್ತದೆ. ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಅಳತೆಗೋಲಿದೆ: ಕೂಗಳತೆ. ಮಗು ಕೂಗಿದರೆ ಅಡುಗೆಮನೆಗೆ ಕೇಳಬೇಕು, ಅಡುಗೆಮನೆಯಿಂದ ಕೂಗಿದರೆ ಮಗು ಓಗೊಡಬೇಕು. ಚಳಿಯ ಊರಿನಲ್ಲಿ ಆಟದ ಜಾಗವನ್ನು ಚದರಡಿಗಿಂತ ಕೂಗಳತೆಯಿಂದ ಅಳೆಯುವುದು ಸರಿ.

ಐಸ್ ಹಾಕಿಯ ದಂತಕತೆ ವೇಯ್ನ್ ಗ್ರೆಟ್ಸ್‌ಕಿಯ ಕತೆಯನ್ನು ಕೆನಡಾದಲ್ಲಿ ಹಿತ್ತಲಿನ ಮಹಿಮೆಗೆ ಸಾಕ್ಷಿಯೆಂದು ಹೇಳುವುದು ರೂಢಿ. ಒಂಟಾರಿಯೋದ ಬ್ರ್ಯಾಂಟ್‌ಫರ್ಡ್‌ನಲ್ಲಿ ಅವನ ತಂದೆ ವಾಲ್ಟರ್, ಟೆಲಿಫೋನ್ ಕಂಪನಿಯ ನೌಕರ, ಪ್ರತಿ ಚಳಿಗಾಲ ಮನೆಯ ಹಿಂದೆ ನೀರು ಹಾಯಿಸಿ, ಹೆಪ್ಪುಗಟ್ಟಿಸಿ ಸ್ಕೇಟಿಂಗ್ ಅಂಕಣ ಮಾಡುತ್ತಿದ್ದ. ಮಗನನ್ನು ಚಾಂಪಿಯನ್ ಮಾಡುವ ಕನಸಿನಿಂದಲ್ಲ, ಪಾರ್ಕಿನಲ್ಲಿ ಗಂಟೆಗಟ್ಟಲೆ ನಡುಗುತ್ತ ಕೂರುವುದರಿಂದ ತಪ್ಪಿಸಿಕೊಳ್ಳಲು ಹಾಗೆ ಮಾಡಿದ್ದಾಗಿ ಅವನೇ ಹೇಳಿಕೊಂಡಿದ್ದಾನೆ. ಬೆಚ್ಚಗಿನ ಅಡುಗೆಮನೆಯಿಂದ ಮಗ ಕಣ್ಣಿಗೆ ಬೀಳುತ್ತಿದ್ದ, ಅಷ್ಟೆ. ಆಟಗಾರನ ಪ್ರತಿಭೆಗಿಂತ ಅಪ್ಪನ ಆ ಉಪಾಯವೇ ಈ ಚರ್ಚೆಗೆ ಹೆಚ್ಚು ಉಪಯುಕ್ತ.

ಅಂಥ ಅಂಕಣಗಳಿಗೂ ಈಗ ಕಾಲ ಸರಿಯಿಲ್ಲ. ಹಿತ್ತಲಿನ ಮಂಜುಗಡ್ಡೆ ಯಾವ ದಿನ ಆಡುವಷ್ಟು ಗಟ್ಟಿ, ಯಾವ ದಿನ ನೀರು ಎಂದು ಮನೆಮನೆಯವರಿಂದ ವರದಿ ತರಿಸಿ ಹವಾಮಾನ ಬದಲಾವಣೆಯನ್ನು ಅಳೆಯುವ ‘ರಿಂಕ್‌ವಾಚ್’ ಯೋಜನೆಯನ್ನು ವಿಲ್ಫ್ರಿಡ್ ಲಾರಿಯರ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞರು 2013ರಲ್ಲಿ ಆರಂಭಿಸಿದರು. ಒಟ್ಟಾವಾದ ರಿಡೋ ಕಾಲುವೆಯ 7.8 ಕಿಲೋಮೀಟರ್ ಸ್ಕೇಟಿಂಗ್ ಹಾದಿ 2022-23ರ ಚಳಿಗಾಲದಲ್ಲಿ ತೆರೆಯಲೇ ಇಲ್ಲ. 1970ರ ದಶಕದ ಆರಂಭದಿಂದ ನಡೆದುಬಂದ ಅದಕ್ಕೆ ಹಾಗಾದದ್ದು ಅದೇ ಮೊದಲು.

ಮಗುವಿಗೆ ಎಂಟು ಒಂಬತ್ತು ತುಂಬುತ್ತಿದ್ದಂತೆ ಕೂಗಳತೆಯ ಲೆಕ್ಕ ಸಡಿಲವಾಗುತ್ತದೆ. ಆಗ ಬೇಕಾದದ್ದು ನೆಲವಲ್ಲ, ಗೆಳೆಯರು. ಬೇಲಿಯೊಳಗೆ ಒಬ್ಬನೇ ಎಷ್ಟು ಹಿಮದ ಉಂಡೆ ಕಟ್ಟಿಯಾನು? ವಿನಿಪೆಗ್‌ನ ಸಮುದಾಯ ಕೇಂದ್ರಗಳ ಬಯಲು ಅಂಕಣಗಳಲ್ಲಿ, ಎಡ್ಮಂಟನ್‌ನ ಜಾರುಗುಡ್ಡಗಳಲ್ಲಿ ಆ ವಯಸ್ಸಿನವರು ಗುಂಪುಗಟ್ಟುತ್ತಾರೆ. ತೀರಾ ಕೊರೆಯುವ ದಿನ, ಅಂದರೆ ಮಕ್ಕಳನ್ನು ಒಳಗೇ ಇಟ್ಟುಕೊಳ್ಳಿ ಎಂದು ಕೆನಡಾದ ಮಕ್ಕಳ ವೈದ್ಯರ ಸಂಘ ಹೇಳುವಷ್ಟು ಚಳಿಯ ದಿನ, ಬೇಸ್‌ಮೆಂಟ್ ಇದೆ. ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಅಡಿಪಾಯ ಇಳಿಸಲೇಬೇಕಾದ್ದರಿಂದ ಆ ಕಡೆಯ ಮನೆಗಳಿಗೆ ನೆಲಮಾಳಿಗೆ ಹೆಚ್ಚುಕಡಿಮೆ ತಾನಾಗಿಯೇ ದಕ್ಕಿದೆ. ಹಿತ್ತಲನ್ನು ಕಸಿದುಕೊಳ್ಳುವ ಚಳಿಯೇ ಅದನ್ನೂ ಕೊಟ್ಟಿದೆ.

ಕೂಗಳತೆಯ ಜಾಗ ಸ್ವಂತದ್ದೇ ಆಗಿರಬೇಕೆಂಬ ನಿಯಮವೂ ಇಲ್ಲ. ಹೆಲ್ಸಿಂಕಿಯಲ್ಲಿ ಡಿಸೆಂಬರಿನ ಹಗಲು ಸುಮಾರು ಆರು ಗಂಟೆ ಮಾತ್ರ, ಜನರಲ್ಲಿ ಹೆಚ್ಚಿನವರು ಅಪಾರ್ಟ್‌ಮೆಂಟ್ ವಾಸಿಗಳು. ಆದರೆ ಅಲ್ಲಿನ ಮಕ್ಕಳು ಹೊರಗೆ ಆಡುವುದಿಲ್ಲ ಎಂದು ಯಾರೂ ಹೇಳಲಾರರು. ಕಟ್ಟಡಗಳ ನಡುವೆ ಎಲ್ಲರಿಗೂ ಸೇರಿದ ಅಂಗಳ, ಅದರಲ್ಲಿ ಮರಳುಗುಂಡಿ, ಉಯ್ಯಾಲೆ, ಜಮಖಾನೆ ಕೊಡವುವ ಕಂಬಿ. ಸುತ್ತ ಹತ್ತಾರು ಅಡುಗೆಮನೆಗಳ ಕಿಟಕಿ. ಹಿಮ ತೆಗೆಸುವುದು ನಿವಾಸಿಗಳ ಸಂಘದ ಹೊಣೆ. ಹಸುಗೂಸನ್ನೂ ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಮಲಗಿಸಿ, ಬಾಲ್ಕನಿಯಲ್ಲೋ ಅಂಗಳದಲ್ಲೋ ನಿದ್ದೆ ಮಾಡಿಸುತ್ತಾರೆ. ಸರ್ಕಾರ 1938ರಿಂದ ಗರ್ಭಿಣಿಯರಿಗೆ ಕೊಡುತ್ತ ಬಂದಿರುವ ಪೆಟ್ಟಿಗೆಯಲ್ಲಿ ಇಂದು ಮಗುವಿನ ಹಿಮದ ಉಡುಪೂ ಇರುತ್ತದೆ. ಹೊರಗೆ ಹೋಗುವುದು ಅಲ್ಲಿ ಮನೆಯ ಗಾತ್ರಕ್ಕಿಂತ ನಿತ್ಯದ ಅಭ್ಯಾಸಕ್ಕೆ ಸೇರಿದ್ದು. ನಿಜ, ಇದನ್ನು ಉತ್ತರ ಅಮೆರಿಕದ ಬಡಾವಣೆಗೆ ಎತ್ತಿ ಇಡಲಾಗದು. ಅಲ್ಲಿ ಅಪಾರ್ಟ್‌ಮೆಂಟಿನ ಸುತ್ತ ಇರುವುದು ಸಾಮಾನ್ಯವಾಗಿ ಕಾರು ನಿಲ್ಲಿಸುವ ಜಾಗ. ಐದು ವರ್ಷದವನನ್ನು ಒಬ್ಬನೇ ಕೆಳಗೆ ಬಿಟ್ಟರೆ ನೆರೆಯವರ ಹುಬ್ಬು ಮೇಲೇರುತ್ತದೆ. ಸ್ವಂತ ಹಿತ್ತಲಿನ ಹಂಬಲಕ್ಕೆ ಹಂಚಿಕೊಂಡ ಅಂಗಳದ ಕೊರತೆಯೂ ಒಂದು ಕಾರಣ.

ಕನ್ನಡದವರಿಗೆ ಈ ಹಂಬಲ ಇನ್ನಷ್ಟು ಗಟ್ಟಿ, ಏಕೆಂದರೆ ‘ಹಿತ್ತಲು’ ಎಂದಾಗ ಅವರ ಮನಸ್ಸಿಗೆ ಬರುವುದು ಹುಲ್ಲುಹಾಸಲ್ಲ. ಬಾವಿ, ಬಟ್ಟೆ ಒಗೆಯುವ ಕಲ್ಲು, ಕರಿಬೇವು, ನುಗ್ಗೆ, ದೊಡ್ಡಪತ್ರೆ, ಬಚ್ಚಲ ನೀರು ಕುಡಿದು ಬೆಳೆದ ಬಾಳೆ. ಅಡುಗೆಮನೆಯ ಅರ್ಧ ಕೆಲಸ ಅಲ್ಲೇ. ಕೆನಡಾದ ಹಿತ್ತಲು ಬೇರೆ ಜಾತಿಯದು. ಅದು ಕೊಡುವುದಕ್ಕಿಂತ ಬೇಡುವುದೇ ಹೆಚ್ಚು: ಬೇಸಿಗೆಯಲ್ಲಿ ವಾರವಾರ ಹುಲ್ಲು ಕತ್ತರಿಸಬೇಕು, ಟೊರೊಂಟೊದಲ್ಲಿ ಅದು 20 ಸೆಂಟಿಮೀಟರ್ ಮೀರಿದರೆ ನಗರಸಭೆಯ ನೋಟಿಸು ಬಂದೀತು, ಶರತ್ಕಾಲದಲ್ಲಿ ಚೀಲಗಟ್ಟಲೆ ಎಲೆ ಬಾಚಬೇಕು. ಮೆಂತ್ಯ, ಹರಿವೆ ಬೇಗ ಕೈಗೆ ಬರುತ್ತವೆ. ಆದರೆ ವಿನಿಪೆಗ್‌ನಂಥ ಕಡೆ ಇಬ್ಬನಿ ಹೆಪ್ಪುಗಟ್ಟದ ದಿನಗಳು ಸುಮಾರು ನಾಲ್ಕು ತಿಂಗಳಷ್ಟೇ. ಹೀರೆ, ಹಾಗಲದ ಬಳ್ಳಿ ಬೇಕೆಂದರೆ ಏಪ್ರಿಲ್‌ನಲ್ಲೇ ಕಿಟಕಿ ಪಕ್ಕ ಸಸಿ ಮಾಡಿಕೊಳ್ಳಬೇಕು. ಕರಿಬೇವಂತೂ ಕುಂಡದಲ್ಲೇ ಬದುಕಿ, ಮೊದಲ ಚಳಿಗೆ ಮನೆಯೊಳಗೆ ಬಂದು ನೆಂಟರಂತೆ ವಸಂತದವರೆಗೆ ಉಳಿಯುತ್ತದೆ. ಬೆಳೆಯುವ ಆಸೆಯೊಂದಕ್ಕೇ ಆದರೆ ಟೊರೊಂಟೊ ನಗರಸಭೆ ಬಾಡಿಗೆಗೆ ಕೊಡುವ ತೋಟದ ತುಂಡು ಸಾಕು. ಜರ್ಮನಿಯಲ್ಲಿ ಇಂಥ ತುಂಡುಗಳಿಗೆ ಕಾನೂನೇ ಇದೆ: ಹೆಚ್ಚೆಂದರೆ 400 ಚದರ ಮೀಟರ್ ನೆಲ, ಅದರಲ್ಲಿ 24 ಚದರ ಮೀಟರಿನ ಗುಡಿಸಲು.

ಆದ್ದರಿಂದ ಶಾಲೆಗೆ ಹೋಗದ ಮಕ್ಕಳಿರುವ, ಇನ್ನೂ ಮಕ್ಕಳಾಗಬೇಕಿರುವ ಸಂಸಾರಕ್ಕೆ ಚಳಿಯ ಊರಿನಲ್ಲಿ ಹಿತ್ತಲು ಬೇಕು, ಆದರೆ ಎರಡು ಕಾರು ನಿಲ್ಲುವಷ್ಟಿದ್ದರೂ ನಡೆಯುತ್ತದೆ. ಹತ್ತು ದಾಟಿದ ಮಕ್ಕಳಿರುವವರು ಅದಕ್ಕಾಗಿ ದಿನಕ್ಕೆ ಒಂದು ಗಂಟೆ ಹೆಚ್ಚು ರಸ್ತೆಯಲ್ಲಿ ಕಳೆಯುವುದು ನಷ್ಟದ ವ್ಯಾಪಾರ. ಜೂನ್ ತಿಂಗಳಲ್ಲಿ ಮನೆ ನೋಡಿದರೆ ಯಾವ ಹಿತ್ತಲೂ ಚೆನ್ನಾಗಿಯೇ ಕಾಣುತ್ತದೆ. ಸಾಧ್ಯವಾದರೆ ಫೆಬ್ರವರಿಯ ಒಂದು ಶನಿವಾರ, ಮಧ್ಯಾಹ್ನ ಮೂರಕ್ಕೆ ಹೋಗಿ. ಒಲೆಯ ಮುಂದೆ ನಿಂತು ಕಿಟಕಿಯಿಂದ ಹಿತ್ತಲು ಕಾಣುತ್ತದೆಯೇ, ಅಲ್ಲಿ ಬಿಸಿಲು ಉಳಿದಿದೆಯೇ, ಹಿಂಬಾಗಿಲ ಬಳಿ ನಾಲ್ಕು ಜೊತೆ ಒದ್ದೆ ಬೂಟು ಬಿಡಲು ಜಾಗವಿದೆಯೇ ಎಂದು ನೋಡಿ, ಆಮೇಲೆ ಬೆಲೆ ಕೇಳಿ.