ಕಣ್ಣು ಮುಚ್ಚಿಕೊಂಡರೆ ಸಾಕು ಮೇಡಂ

'ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಆದ್ದರಿಂದ ಅಪಾಯವಿಲ್ಲ.' ಕಣ್ಣಿನ ಸುತ್ತಲಿನ ಚರ್ಮ ಬಿಗಿಗೊಳಿಸುವ ಚಿಕಿತ್ಸೆಗಳ ಜಾಹೀರಾತಿನ ತರ್ಕವೆಲ್ಲ ಇಷ್ಟೇ. ಮೊದಲೆರಡು ಮಾತು ನಿಜ. ಮೂರನೆಯದು 'ಆದ್ದರಿಂದ'ದ ಬೆನ್ನೇರಿ ಒಳಗೆ ನುಸುಳಿದೆ. ನನ್ನ ಜಗಳವಿರುವುದು ಆ 'ಆದ್ದರಿಂದ'ದ ಜೊತೆ.

ರೇಡಿಯೋ ತರಂಗವಿರಲಿ, ಅಲ್ಟ್ರಾಸೌಂಡ್ ಇರಲಿ, ಈ ಯಂತ್ರಗಳು ಮಾಡುವ ಕೆಲಸ ಒಂದೇ: ಚರ್ಮದ ಒಳಪದರವನ್ನು ಕಾಯಿಸುವುದು. ಬಿಸಿಗೆ ಕೊಲಾಜನ್ ಎಳೆಗಳು ಮುದುಡುತ್ತವೆ. ಆ ಸಣ್ಣ ಗಾಯ ಮಾಯಿಸಲು ದೇಹ ಹೊಸ ಎಳೆ ನೇಯುತ್ತದೆ. ಅಂದರೆ ಗಾಯವೇ ಇಲ್ಲಿ ಮದ್ದು. ಹೊರಗೆ ಕಾಣದ ಗಾಯ, ಅಷ್ಟೆ.

ಈಗ ಜಾಗ ನೋಡಿ. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು, ಸುಮಾರು ಅರ್ಧ ಮಿಲಿಮೀಟರ್. ಮುಖಕ್ಕೆ ಬಳಸುವ ಫೋಕಸ್ಡ್ ಅಲ್ಟ್ರಾಸೌಂಡ್ 1.5, 3, 4.5 ಮಿಲಿಮೀಟರ್ ಆಳಕ್ಕೆ ಶಾಖದ ಗುರಿಯಿಡುತ್ತದೆ. ಕೆನ್ನೆಗೆ ಸರಿಹೋಗುವ ಆಳ ರೆಪ್ಪೆಯ ಮೇಲೆ ಕಣ್ಣುಗುಡ್ಡೆಯನ್ನೇ ಮುಟ್ಟಬಹುದು. ಇಂಥ ಚಿಕಿತ್ಸೆಯ ನಂತರ ಕಾರ್ನಿಯಾಕ್ಕೆ ಪೆಟ್ಟಾದ, ಕಣ್ಣಿಗೆ ಪೊರೆ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. 'ಕಣ್ಣರೆಪ್ಪೆಯಂತೆ ಕಾಪಾಡು' ಎನ್ನುವ ನಾವು ಕಾಯುವ ರೆಪ್ಪೆಯನ್ನೇ ಕಾಯಿಸಲು ಕೊಟ್ಟು ಬರುತ್ತೇವೆ.

'ಅಮೆರಿಕದ ಎಫ್‌ಡಿಎ ಒಪ್ಪಿದೆಯಲ್ಲ?' ಎನ್ನುತ್ತಾರೆ. ಹೌದು, ಥರ್ಮಾಜ್ ಎಂಬ ರೇಡಿಯೋ ತರಂಗದ ಯಂತ್ರಕ್ಕೆ ಕಣ್ಣಿನ ಸುತ್ತಲ ಸುಕ್ಕಿಗೆಂದು 2002ರಲ್ಲೇ ಅನುಮತಿ ಸಿಕ್ಕಿತು. ಪರಿಣತ ವೈದ್ಯರ ಕೈಯಲ್ಲಿ ಗಂಭೀರ ತೊಂದರೆ ಅಪರೂಪ ಎಂಬುದನ್ನೂ ಒಪ್ಪುತ್ತೇನೆ. ಆದರೆ ರೆಪ್ಪೆಯ ಮೇಲೆ ಕೆಲಸ ಮಾಡುವಾಗ ಅವರು ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಯ ಕೆಳಗೆ ಕಣ್ಣಿಗೊಂದು ಕವಚ ಇಡುತ್ತಾರೆ. ಆ 'ಅಪರೂಪ' ದುಡಿದು ಗಳಿಸಿದ್ದು. ಕವಚವಿಲ್ಲದ ಪಾರ್ಲರ್ ಅದನ್ನು ಸಾಲ ಪಡೆಯುವಂತಿಲ್ಲ.

ಮದುವೆ ಗೊತ್ತಾದ ಅಕ್ಕನ ಜೊತೆ ಅಂಥದೊಂದು ಕಡೆ ಹೋಗಿದ್ದೆ. ಕವಚ ಇಡುತ್ತೀರಾ ಎಂದು ಕೇಳಿದೆ. 'ಕಣ್ಣು ಮುಚ್ಚಿಕೊಂಡರೆ ಸಾಕು ಮೇಡಂ' ಎಂದರು. ಇಡೀ ಉದ್ಯಮದ ಧ್ಯೇಯವಾಕ್ಯ ಅದೇ ಇರಬೇಕು! ಸುಟ್ಟರೆ ನಮ್ಮಂಥ ಕಂದು ಮೈಬಣ್ಣದವರಲ್ಲಿ ಕಲೆ ತಿಂಗಳುಗಟ್ಟಲೆ ಉಳಿಯಬಹುದು ಎಂದೂ ಯಾರೂ ಹೇಳಲಿಲ್ಲ. ಕಣ್ಣಿನ ಕೆಳಗಿನ ಕಪ್ಪು ಹೋಗಲೆಂದೇ ಅವಳು ಬಂದದ್ದು.

ಸೂಜಿಯೊಡನೆ ರೇಡಿಯೋ ತರಂಗ ಹಾಯಿಸುವ ಯಂತ್ರಗಳ ಬಗ್ಗೆ ಅದೇ ಎಫ್‌ಡಿಎ 2025ರ ಅಕ್ಟೋಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತು: ಸುಟ್ಟಗಾಯ, ಕಲೆ, ಕೊಬ್ಬು ಕರಗುವಿಕೆ, ನರಕ್ಕೆ ಹಾನಿ. ಅನುಮತಿಯ ಸುದ್ದಿ ಬೋರ್ಡಿನ ಮೇಲೆ ಬರುತ್ತದೆ, ಎಚ್ಚರಿಕೆಯ ಸುದ್ದಿ ಬರುವುದಿಲ್ಲ.

ಭಾಷೆ ಓದುವವಳಾಗಿ ನನಗೆ ಹೆಚ್ಚು ಚುಚ್ಚಿದ್ದು ಇನ್ನೊಂದು. ಅಲ್ಲಿ ಗೋಡೆಯ ಮೇಲಿನ ಆಸೆಯೆಲ್ಲ ಮುದ್ದಾದ ಕನ್ನಡದಲ್ಲಿತ್ತು. ಸಹಿ ಹಾಕಬೇಕಾದ ಒಪ್ಪಿಗೆ ಪತ್ರ ಮಾತ್ರ ಇರುವೆಯಕ್ಷರದ ಇಂಗ್ಲಿಷಿನಲ್ಲಿ. ಅಪಾಯಗಳ ಪಟ್ಟಿ ಎರಡನೇ ಪುಟದಲ್ಲಿತ್ತು; ಮೇಜಿನ ಮೇಲೆ ಇಟ್ಟದ್ದು ಮೊದಲ ಪುಟ ಮತ್ತು ಪೆನ್ನು.