ಸಣ್ಣ ವಿಮಾನದ ಸಾವಿಗೂ ಪೂರ್ಣ ತನಿಖೆ ಬೇಕು

ದೊಡ್ಡ ವಿಮಾನ ಬಿದ್ದರೆ ದೊಡ್ಡ ತನಿಖೆ, ಸಣ್ಣದು ಬಿದ್ದರೆ ಎರಡು ದಿನದ ಸುದ್ದಿ ಎಂಬ ರೂಢಿ ನಮ್ಮ ದೇಶದಲ್ಲಿ ಬೇರೂರಿದೆ. ಇದು ಸರಿಯಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

2004ರ ಏಪ್ರಿಲ್ 17ರಂದು ಚಿತ್ರನಟಿ ಸೌಂದರ್ಯ ಅವರನ್ನು ಚುನಾವಣಾ ಪ್ರಚಾರಕ್ಕಾಗಿ ಅಂದಿನ ಆಂಧ್ರಪ್ರದೇಶದ ಕರೀಂನಗರಕ್ಕೆ ಒಯ್ಯಲೆಂದು ಬೆಂಗಳೂರಿನ ಜಕ್ಕೂರಿನಿಂದ ಹೊರಟ ಸೆಸ್ನಾ 180 ವಿಮಾನವು ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಬಿದ್ದು ಉರಿಯಿತು. ಅವರ ಸಹೋದರ, ಪೈಲಟ್ ಸಹಿತ ನಾಲ್ವರೂ ಮೃತಪಟ್ಟರು. ‘ದ್ವೀಪ’ ಚಿತ್ರದ ಮೂಲಕ ಸ್ವರ್ಣಕಮಲವನ್ನು ಕನ್ನಡಕ್ಕೆ ತಂದ ಕಲಾವಿದೆಯ ಅಗಲಿಕೆಗೆ ಗಡಿಯೀಚೆಯ ಕನ್ನಡ ಮನೆಗಳೂ ಮರುಗಿದವು. ಆದರೆ ಆಮೇಲೆ ಜನರ ಬಾಯಲ್ಲಿ ಉಳಿದದ್ದು ಜಾತಕದ ಮಾತು. ಇಂಜಿನು, ಭಾರ, ಇಂಧನಗಳ ಮಾತನ್ನು ಕೇಳಿದವರು ಕಡಮೆ.

ಇಂತಹ ಒಂಟಿ ಇಂಜಿನಿನ ಹಳೆಯ ವಿಮಾನಗಳಲ್ಲಿ ಸಾಮಾನ್ಯವಾಗಿ ‘ಕಪ್ಪು ಪೆಟ್ಟಿಗೆ’ ಇರುವುದಿಲ್ಲ. ಹಾಗೆಂದು ಸಾಕ್ಷ್ಯವೇ ಇಲ್ಲವೆಂದು ತಿಳಿಯಬಾರದು. ಬಲ್ಲವನಿಗೆ ಮುರಿದ ಲೋಹವೇ ಸಾಕ್ಷಿ. ಪ್ರೊಪೆಲ್ಲರಿನ ಅಲಗು ತಿರುಚಿಕೊಂಡು ಅಂಚಿನುದ್ದಕ್ಕೂ ತರಚಿದ್ದರೆ ನೆಲಕ್ಕೆ ಬಡಿದಾಗ ಇಂಜಿನು ಶಕ್ತಿಯಿಂದ ತಿರುಗುತ್ತಿತ್ತೆಂದೂ, ಸುಮ್ಮನೆ ಹಿಂದಕ್ಕೆ ಬಾಗಿದ್ದರೆ ಇಂಜಿನು ಸೋತಿತ್ತೆಂದೂ ಸುಳಿವು ಸಿಗುತ್ತದೆ. ಎಚ್ಚರಿಕೆಯ ಪುಟ್ಟ ಬಲ್ಬಿನ ತಂತಿ ಹಿಗ್ಗಿದ್ದರೆ ಬಡಿದ ಗಳಿಗೆಯಲ್ಲಿ ಅದು ಉರಿಯುತ್ತಿತ್ತು. ತಣ್ಣಗಿನ ತಂತಿಯಾದರೆ ಹಿಗ್ಗದೆ ತುಂಡಾಗುತ್ತದೆ. ಮೀಟರಿನ ಮುಳ್ಳು ಫಲಕದ ಮೇಲೆ ಬಿಟ್ಟ ಗೀರು ಕೂಡ ಅದು ಆಗ ಎಷ್ಟು ತೋರಿಸುತ್ತಿತ್ತೆಂಬುದನ್ನು ಹೇಳಬಲ್ಲದು. ಇಂಧನದಲ್ಲಿ ನೀರು ಬೆರೆತಿತ್ತೇ, ಜನರ ಮತ್ತು ಸಾಮಾನಿನ ಭಾರ ಮಿತಿಯೊಳಗಿತ್ತೇ, ಕೊನೆಯ ರಿಪೇರಿಗೆ ಸಹಿ ಹಾಕಿದವರಾರು ಎಂಬುದನ್ನು ದಾಖಲೆ ಪುಸ್ತಕಗಳಲ್ಲಿ ಹುಡುಕಬೇಕು. ನೋಡಲು ನೆರೆದ ಜನ ಚೂರುಗಳನ್ನು ಎತ್ತಿ ನೋಡಿದರೆ, ಹೆದ್ದಾರಿ ತೆರವಿಗೆಂದು ಕ್ರೇನ್ ಎಳೆದರೆ, ಈ ಸಾಕ್ಷಿಗಳೆಲ್ಲ ಆ ಸಂಜೆಯೊಳಗೆ ಹಾಳು.

ಇಷ್ಟೆಲ್ಲ ಶ್ರಮಪಡದಿದ್ದರೆ ಉಳಿಯುವುದು ‘ಪೈಲಟನ ತಪ್ಪು’ ಎಂಬ ಎರಡೇ ಮಾತು. ಸತ್ತವನು ಎದ್ದು ಬಂದು ಉತ್ತರ ಹೇಳುವನೇ?

2010ರ ಮೇ 22ರ ಬಜಪೆ ದುರಂತವನ್ನು ನಮ್ಮ ಜಿಲ್ಲೆಗೆ ನೆನಪಿಸಬೇಕಾಗಿಲ್ಲ. ಮಡಿದ 158 ಮಂದಿಯಲ್ಲಿ ನಮ್ಮೂರಿನವರು ಅನೇಕರಿದ್ದರು. ಏರ್ ಮಾರ್ಷಲ್ ಗೋಖಲೆಯವರ ತನಿಖಾ ನ್ಯಾಯಾಲಯ ಕ್ಯಾಪ್ಟನ್ನರು ಹಾರಾಟದಲ್ಲಿ ದೀರ್ಘಕಾಲ ನಿದ್ರಿಸಿದ್ದನ್ನೂ, ಮತ್ತೆ ಮೇಲೇರೋಣವೆಂದು ಸಹಪೈಲಟರು ಮೂರು ಸಲ ಹೇಳಿದ್ದನ್ನೂ ಬಯಲಿಗೆ ತಂದಿತು. ಧ್ವನಿಮುದ್ರಣವಿಲ್ಲದಿದ್ದರೆ ಆ ಸಹಪೈಲಟರ ಎಚ್ಚರಿಕೆ ಅವರೊಂದಿಗೇ ಮಣ್ಣಾಗುತ್ತಿತ್ತು.

ಅದುವರೆಗೆ ಸಾಮಾನ್ಯ ಅಪಘಾತಗಳ ತನಿಖೆ, ಪರವಾನಿಗೆ ಕೊಡುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕೈಯಲ್ಲೇ ಇತ್ತು. ಬೇಲಿ ಹಾಕಿದವನೇ ಬೇಲಿ ಮುರಿದದ್ದನ್ನು ವಿಚಾರಿಸಿದಂತೆ. ಬಜಪೆಯ ಬಳಿಕ, 2012ರಲ್ಲಿ, ಪ್ರತ್ಯೇಕ ತನಿಖಾ ಬ್ಯೂರೋ ಬಂತು. ಅದೂ ಅದೇ ಮಂತ್ರಾಲಯದ ಕೆಳಗೆ. ಆ ವರ್ಷದ ನಿಯಮಗಳು 2250 ಕಿಲೋ ಮೀರಿದ ವಿಮಾನಗಳ ಮತ್ತು ಜೆಟ್‌ಗಳ ಅಪಘಾತ ತನಿಖೆಯನ್ನು ಬ್ಯೂರೋದ ಕರ್ತವ್ಯವಾಗಿಸಿದವು. ಹಗುರ ವಿಮಾನಗಳದು ಅದರ ವಿವೇಚನೆಗೆ ಬಿಟ್ಟದ್ದು. ಸೆಸ್ನಾ 180ರ ಪೂರ್ಣ ಭಾರ 1300 ಕಿಲೋವನ್ನೂ ಮುಟ್ಟದು. ಜೀವಹಾನಿಯಾದಲ್ಲಿ ತಕ್ಕಡಿ ಹಿಡಿಯುವುದು ನಮಗೆ ಒಪ್ಪಿಗೆಯಿಲ್ಲ.

ಅಂತರರಾಷ್ಟ್ರೀಯ ಒಡಂಬಡಿಕೆಯ 13ನೇ ಅನುಬಂಧದಂತೆ ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ಯಾರನ್ನೂ ದೂಷಿಸುವುದಲ್ಲ. 30 ದಿನಗಳಲ್ಲಿ ಪ್ರಾಥಮಿಕ ವರದಿ, ಸಾಧ್ಯವಾದರೆ 12 ತಿಂಗಳಲ್ಲಿ ಅಂತಿಮ ವರದಿ ಎಂಬುದೂ ಅದರ ಕ್ರಮ. ಒಂದು ಸಾವಾದರೂ ಸರಿ, ವಿಮಾನದ ಭಾರ ನೋಡದೆ ಬ್ಯೂರೋವೇ ತನಿಖೆ ನಡೆಸಿ ಈ ಅವಧಿ ಪಾಲಿಸಬೇಕೆಂದು ಕೇಂದ್ರ ಸರಕಾರವನ್ನು ಒತ್ತಾಯಿಸುತ್ತೇವೆ. ವರದಿಯ ಸಾರಾಂಶ ಮೃತರ ಮನೆಯವರಿಗೆ ಅವರ ತಾಯ್ನುಡಿಯಲ್ಲೇ ತಲುಪಲಿ. ತಿಳಿಯದ ಭಾಷೆಯ ಸರಕಾರಿ ಕಾಗದ ಹಿಡಿದು ಅರ್ಥ ಹೇಳುವವರನ್ನು ಹುಡುಕುವ ಪಾಡೇನೆಂದು ಈ ಜಿಲ್ಲೆಯ ಕನ್ನಡಿಗರನ್ನು ಕೇಳಿದರೆ ಸಾಕು.